ಕೃಷ್ಣಾ–ಘಟಪ್ರಭಾ ನಡುನಾಡಿನ ಕಚ್ಚುವ ನೊಣಗಳು ಮತ್ತು ಪೈರಿನ ನೊಣಗಳು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ದನಕರು, ಕುರಿ, ನಾಯಿ, ಪೈರು ಹಾಗೂ ವನ್ಯಮೃಗಗಳನ್ನು ಪೀಡಿಸುವ ನೊಣಗಳೆಲ್ಲವೂ ಡಿಪ್ಟೆರ ಎಂಬ ದ್ವಿಪಕ್ಷ ಕೀಟಗಣಕ್ಕೆ ಸೇರಿದವು. ಇತರ ಹಾರುವ ಕೀಟಗಳಲ್ಲಿ ಬಹುಪಾಲಿಗೆ ನಾಲ್ಕು ರೆಕ್ಕೆಗಳಿದ್ದರೆ ಇವಕ್ಕೆ ಇರುವುದು ಎರಡೇ. ಹಿಂದಿನ ಜೋಡಿಯು ಕುಗ್ಗಿ, ತುದಿಯಲ್ಲಿ ಗುಂಡಾದ ಎರಡು ಸಣ್ಣ ಕಡ್ಡಿಗಳಾಗಿ ಪರಿಣಮಿಸಿ, ಹಾರಾಟದಲ್ಲಿ ಸಮತೋಲವನ್ನು ಕಾಯುತ್ತದೆ. ಹೀಗಿರುವುದರಿಂದ ಹತ್ತಿಯ ಬಿಳಿನೊಣವಾಗಲಿ, ದಾಳಿಂಬೆಯ ಕಾಯಿ ಕೊರೆಯುವ ಪಾತರಗಿತ್ತಿಯಾಗಲಿ ಈ ಲೇಖನದ ವ್ಯಾಪ್ತಿಗೆ ಬರತಕ್ಕವಲ್ಲ. ನೊಣದ ಆಯುಷ್ಯದಲ್ಲಿ ಮೊಟ್ಟೆ, ಮರಿಹುಳು, ಕೋಶ, ಪ್ರೌಢಕೀಟ ಎಂಬ ನಾಲ್ಕು ಅವಸ್ಥೆಗಳುಂಟು. ನಮ್ಮ ಕಣ್ಣಿಗೆ ಬೀಳುವುದೂ ನಮ್ಮ ಸಿಟ್ಟಿಗೆ ಗುರಿಯಾಗುವುದೂ ಕೊನೆಯ ಅವಸ್ಥೆಯಾದರೂ, ಯಾವ ಊರಿನಲ್ಲಿ ಯಾವ ನೊಣ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ಮರಿಹುಳುವಿಗೆ ಅಲ್ಲಿ ದೊರೆಯುವ ತೇವ ಮತ್ತು ಕೊಳೆತ ಪದಾರ್ಥವೇ ಹೊರತು ಕಚ್ಚಿಸಿಕೊಳ್ಳುವ ಪ್ರಾಣಿಗಳ ಸಂಖ್ಯೆಯಲ್ಲ. ಈ ಪ್ರಾಂತದ ನೊಣಗಳ ವಿಚಾರವನ್ನು ಅರಿಯಬೇಕಾದರೆ ಮೊದಲು ಇಲ್ಲಿನ ನೀರಿನ ವಿಚಾರವನ್ನು ಅರಿಯಬೇಕಾಗುವುದು ಈ ಕಾರಣದಿಂದಲೇ.

ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನಗಳಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಒಳಪಟ್ಟವು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಲ್ಲುವ ಮಳೆ, ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಮಡ್ಡಿಯ ಮೇಲೆ ಕುರಿ: ಇದು ಇಲ್ಲಿನ ಹಳೆಯ ಬಾಳುವೆಯ ಸ್ವರೂಪ. ಇದರ ಮೇಲೆ ಘಟಪ್ರಭಾ ಕಾಲುವೆ, ಹಿಪ್ಪರಗಿಯ ಬ್ಯಾರೇಜು, ಬೀಳಗಿಯ ಸೀಮೆಯ ಅನೇಕ ಹಳ್ಳಿಗಳನ್ನು ಮುಳುಗಿಸಿದ ಆಲಮಟ್ಟಿಯ ಹಿನ್ನೀರು ಒಂದೊಂದಾಗಿ ಬಂದವು. ಇವುಗಳ ನಡುವೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜನ್ನು ವಿಶೇಷವಾಗಿ ಹೆಸರಿಸತಕ್ಕದ್ದು. ಜೋಳದ ನಾಡು ಬಹುಭಾಗ ಕಬ್ಬಿನ ನಾಡಾಯಿತು. ಜೋಳದ ಕಣಿಕೆ ಮೇಯುತ್ತಿದ್ದ ಎತ್ತಿನ ಪಕ್ಕದಲ್ಲಿ ಹಸಿಮೇವು ಮೇಯುವ ಎಮ್ಮೆಯೂ ಮಿಶ್ರತಳಿಯ ಆಕಳೂ ಬಂದು ನಿಂತವು. ಬೇಸಿಗೆಯಲ್ಲಿಯೂ ಆರದ ತೇವ, ವರ್ಷವಿಡೀ ಬೆಳೆಯುವ ತಿಪ್ಪೆ, ಹೊಲದ ತುಂಬ ಕಬ್ಬಿನ ರವದಿ, ಇವು ಮನುಷ್ಯನಿಗೆ ಸಂಪತ್ತಾದಂತೆಯೇ ನೊಣದ ಮರಿಹುಳುವಿಗೂ ಆಸರೆಯಾದವು.

ಕಚ್ಚುವ ನೊಣಗಳಲ್ಲಿ ಪ್ರಥಮ ಸ್ಥಾನ ಕೊಟ್ಟಿಗೆ ನೊಣಕ್ಕೆ. ಸ್ಟೊಮಾಕ್ಸಿಸ್ ಕ್ಯಾಲ್ಸಿಟ್ರಾನ್ಸ್ ಎಂಬ ಶಾಸ್ತ್ರೀಯ ನಾಮವುಳ್ಳ ಇದು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಮನೆನೊಣವನ್ನೇ ಹೋಲುವುದಾದರೂ, ತಲೆಯ ಕೆಳಗಿನಿಂದ ಮುಂದಕ್ಕೆ ಚಾಚಿರುವ ಕರಿಯ ಗಡುಸು ಸೊಂಡಿಲಿನಿಂದ ಇದನ್ನು ಗುರುತಿಸಬಹುದು. ಮನೆನೊಣಕ್ಕೆ ಕಚ್ಚಲು ಬಾಯಿಯೇ ಇಲ್ಲ. ಮಳೆಗಾಲದಲ್ಲಿ ಮನೆನೊಣ ಕಚ್ಚಿತೆಂದು ಯಾರಾದರೂ ಹೇಳಿದರೆ ಕಚ್ಚಿದ್ದು ಪ್ರಾಯಶಃ ಇದೇ. ಗಂಡು ಹೆಣ್ಣುಗಳೆರಡೂ ರಕ್ತಪಾನ ಮಾಡುವುವು. ದಿನಕ್ಕೆ ಒಂದೆರಡು ಸಲ, ಪ್ರತಿಸಲವೂ ಕೆಲವೇ ನಿಮಿಷ, ಅದೂ ಹೆಚ್ಚಾಗಿ ದನದ ಮುಂಗಾಲುಗಳ ಕೆಳಭಾಗದಲ್ಲಿ. ಗೋದಲಿಯ ಮುಂದೆ ಕಟ್ಟಿದ ಎತ್ತು ಮೇವನ್ನು ಬಾಯಲ್ಲಿಟ್ಟುಕೊಂಡು ಮೇಯುವುದನ್ನು ಮರೆತು ಒಂದೊಂದೇ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತ ನಿಂತಿದ್ದರೆ, ಕಾಲುಗಳ ಬಳಿ ಬಗ್ಗಿ ನೋಡತಕ್ಕದ್ದು: ತಲೆಯನ್ನು ಮೇಲೆ ಮಾಡಿ ಕುಳಿತು ರಕ್ತ ಹೀರಿ ಹೊಟ್ಟೆ ಕೆಂಪಗೆ ಉಬ್ಬಿದ ನೊಣಗಳು ಅಲ್ಲಿ ಕಾಣುವುವು. ಹೊಟ್ಟೆ ತುಂಬಿದೊಡನೆ ಅವು ಹತ್ತಿರದ ಗೋಡೆ, ಗೂಟ, ಬೇಲಿಗಳ ಮೇಲೆ ಹೋಗಿ ಬಿಸಿಲು ಕಾಯಿಸುತ್ತ ವಿಶ್ರಮಿಸುವುದರಿಂದ, ದನದ ಮೈಗೆ ಔಷಧ ಸಿಂಪಡಿಸುವವನು ತನ್ನ ಶತ್ರುಗಳಲ್ಲಿ ಆ ಹೊತ್ತಿಗೆ ಮೈಮೇಲೆ ಕುಳಿತ ಅಲ್ಪಭಾಗವನ್ನು ಮಾತ್ರವೇ ಮುಟ್ಟಬಲ್ಲನು.

ಇದರ ಮರಿಹುಳುಗಳಿರುವುದು ಬರಿಯ ಸೆಗಣಿಯಲ್ಲಲ್ಲ. ಗಂಜಲ ನೆನೆದ ಕಣಿಕೆಯ ಚೂರು, ತಿನ್ನದೆ ಬಿಟ್ಟ ಮೇವು, ಕೊಳೆಯುತ್ತಿರುವ ಕಬ್ಬಿನ ಸೋಗೆ ಇವು ಸೆಗಣಿಯೊಡನೆ ಕಲೆತು ಹುಳಿಯುವ ಕಡೆಯಲ್ಲಿ. ದಿನವೂ ಬೆಳಗ್ಗೆ ಹೆಂಡಿ-ಕಸ ಬಳಿದು ಹಾಕುವ ತಿಪ್ಪೆಯ ಅಂಚನ್ನು ಕೋಲಿನಿಂದ ಕೆದಕಿದರೆ ಮೇಲ್ಪದರು ಒಣಗಿ ಹಪ್ಪಳಿಕೆಯಾಗಿರುವುದೂ, ಅದರ ಕೆಳಗೆ ಕೆಲವು ಬೆರಳಗಲದ ಆಳದವರೆಗೆ ಬೆಚ್ಚನೆಯ ತೇವದಲ್ಲಿ ಬಿಳಿಯ ಹುಳುಗಳು ಮಿಸುಕುತ್ತಿರುವುದೂ, ಇನ್ನೂ ಒಳಗೆ ಕೈಯಿಡಲಾರದಷ್ಟು ಕಾವಿರುವಲ್ಲಿ ಒಂದೂ ಇಲ್ಲದಿರುವುದೂ ಕಂಡುಬರುತ್ತದೆ. ಈ ಸಣ್ಣ ಪರೀಕ್ಷೆಯಲ್ಲಿಯೇ ನಿವಾರಣೋಪಾಯವೂ ಅಡಗಿದೆ: ವಾರಕ್ಕೊಮ್ಮೆ ತಿಪ್ಪೆಯನ್ನು ತಿರುವಿ ಅಂಚಿನ ಕಸವನ್ನು ಕಾವಿನ ಒಳಭಾಗಕ್ಕೆ ತಳ್ಳಿದರೆ, ಬೇಸಿಗೆಯಲ್ಲಿ ಎರಡು ಮೂರು ವಾರಗಳಲ್ಲಿ ಮುಗಿಯುವ ಜೀವನಚಕ್ರವು ನಡುವಿನಲ್ಲಿಯೇ ಕತ್ತರಿಸಿ ಹೋಗುತ್ತದೆ. ಔಷಧದ ಬಾಟಲಿಯನ್ನು ಕೊಳ್ಳುವಷ್ಟು ಸುಲಭವಾಗಿ ಸಲಿಕೆಯನ್ನು ಹಿಡಿಯುವವರು ಕಡಿಮೆ ಎಂಬುದು ಬೇರೆಯ ಮಾತು.

ಕಬ್ಬಿಗೂ ಈ ನೊಣದ ಜಾತಿಗೂ ಇರುವ ನಂಟು ಹಳೆಯದು. ಮಾರಿಷಸ್ ದ್ವೀಪದಲ್ಲಿ ಇದರ ದಾಯಾದಿಯಾದ ಸ್ಟೊಮಾಕ್ಸಿಸ್ ನೈಗರ್ ಕಬ್ಬಿನ ಗದ್ದೆಗಳ ಕೊಳೆತ ಸೋಗೆಯಲ್ಲಿ ಬೆಳೆದು ದನಗಳನ್ನು ಕಾಡಿತು. ಬ್ರೆಜಿಲಿನಲ್ಲಿ ಕೊಯ್ಲಿನ ನಂತರ ಹೊಲದಲ್ಲುಳಿದ ರವದಿಯ ಮೇಲೆ ಮದ್ಯಸಾರ ತಯಾರಿಕೆಯ ತ್ಯಾಜ್ಯದ್ರವವನ್ನು ಹರಿಸಿದ ಪ್ರದೇಶಗಳಲ್ಲಿ ಕೊಟ್ಟಿಗೆ ನೊಣವು ಹಿಂಡುಹಿಂಡಾಗಿ ಎದ್ದು ಸಮೀಪದ ಗೋಶಾಲೆಗಳ ಹಾಲನ್ನು ಬತ್ತಿಸಿತು. ಸಕ್ಕರೆ ಕಾರ್ಖಾನೆಗಳೂ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಘಟಕಗಳೂ ಒತ್ತೊತ್ತಾಗಿರುವ ಮುಧೋಳ-ಜಮಖಂಡಿ ಸೀಮೆಯಲ್ಲಿ ರವದಿಯನ್ನು ಸುಡದೆ ಹೊಲದಲ್ಲಿಯೇ ಹರಡಿ ಕೊಳೆಸಬೇಕೆಂಬ ಉಪದೇಶವು ಭೂಮಿಯ ಸಾರಕ್ಕೆ ನಿಸ್ಸಂದೇಹವಾಗಿ ಹಿತಕರ; ಆದರೆ ಹರಡಿದ ಆ ಸೋಗೆಯನ್ನು ನೀರು ನಿಂತು ಹುಳಿಯಲು ಬಿಡದಿರುವುದೂ ಆ ಉಪದೇಶದ ಭಾಗವಾಗತಕ್ಕದ್ದು.

ಎಮ್ಮೆನೊಣವು ಕೊಟ್ಟಿಗೆ ನೊಣಕ್ಕಿಂತ ಚಿಕ್ಕದು, ಮನೆನೊಣದ ಅರ್ಧದಷ್ಟು. ಸ್ವಭಾವವಂತೂ ತೀರ ಭಿನ್ನ. ಅದು ಹಗಲಿರುಳೂ ದನದ ಬೆನ್ನು, ಹೆಗಲು, ಪಕ್ಕೆಗಳ ಮೇಲೆಯೇ ವಾಸಿಸಿ ದಿನದಲ್ಲಿ ಹಲವಾರು ಬಾರಿ ರಕ್ತ ಹೀರುತ್ತದೆ. ದನ ಸೆಗಣಿ ಹಾಕಿದೊಡನೆ ಕೆಳಗಿಳಿದು, ಅದು ಬಿಸಿಯಾಗಿರುವಾಗಲೇ ಮೊಟ್ಟೆಯಿಟ್ಟು, ಮತ್ತೆ ಮೈಯೇರುತ್ತದೆ. ಈ ನೊಣವು ಹತ್ತೊಂಬತ್ತನೆಯ ಶತಮಾನದಲ್ಲಿ ತಿಮೋರಿನಿಂದ ದನಗಳೊಡನೆ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿ ಮಹಾಪೀಡೆಯಾಯಿತು. ಕಾರಣ, ಕಾಂಗರೂವಿನ ಒಣಹಿಕ್ಕೆಗೆ ಒಗ್ಗಿದ ಅಲ್ಲಿನ ಸೆಗಣಿದುಂಬಿಗಳು ದನದ ಸೆಗಣಿಯನ್ನು ವಿಲೇ ಮಾಡಲಾರದೆ ಹೋದುದು. ಆ ಕೆಲಸಕ್ಕಾಗಿ ಆಸ್ಟ್ರೇಲಿಯದ ಸರ್ಕಾರಿ ವಿಜ್ಞಾನಿಗಳು 1960ರ ದಶಕದ ಕೊನೆಯಿಂದ ಹೊರದೇಶಗಳ ದುಂಬಿಗಳನ್ನು ತರಿಸಿ ಬಿಡಬೇಕಾಯಿತು. ನಮ್ಮ ಮಡ್ಡಿಗಳಲ್ಲಿ ಅಂಥ ದುಂಬಿಗಳು ಅನಾದಿಯಿಂದ ಇವೆ; ಮಳೆ ಬಿದ್ದ ಮರುದಿನ ಸೆಗಣಿಯ ಉಂಡೆಯನ್ನು ಹಿಂಗಾಲಿನಿಂದ ಉರುಳಿಸುತ್ತ ಹೋಗುವ ಅವನ್ನು ದನಗಾಹಿಯಾದ ಪ್ರತಿಯೊಬ್ಬ ಹುಡುಗನೂ ಬಲ್ಲ. ಹುಳದ ಔಷಧವೆಂದು ದನಗಳಿಗೆ ಪದೇಪದೇ ಐವರ್ಮೆಕ್ಟಿನ್ ಚುಚ್ಚಿಸಿದರೆ ಅದರ ಅಂಶವು ಸೆಗಣಿಯಲ್ಲಿ ಉಳಿದು ದುಂಬಿಯ ಮರಿಗಳನ್ನೂ ಕೊಲ್ಲುವುದೆಂಬುದನ್ನು ಮಾತ್ರ ಬಲ್ಲವರು ವಿರಳ.

ಗಾತ್ರದಲ್ಲಿಯೂ ಕಡಿತದ ಉಗ್ರತೆಯಲ್ಲಿಯೂ ಕುದುರೆನೊಣಗಳನ್ನು, ಅಂದರೆ ಟಬಾನಸ್ ಕುಲದವನ್ನು, ಮೀರಿದವಿಲ್ಲ. ಹೊಳೆಯುವ ದೊಡ್ಡ ಕಣ್ಣು, ದೃಢಕಾಯ, ಗುಂಯ್‌ಗುಡುವ ವೇಗದ ಹಾರಾಟ. ಹೆಣ್ಣು ಮಾತ್ರ ರಕ್ತ ಕುಡಿಯುವುದು, ಗಂಡು ಹೂವಿನ ಮಧುವಿನಲ್ಲಿಯೇ ತೃಪ್ತ. ಹೆಣ್ಣಿನ ಬಾಯಿಯ ಅಲಗುಗಳು ಚರ್ಮವನ್ನು ಚುಚ್ಚುವುದಕ್ಕಿಂತ ಸೀಳುತ್ತವೆ. ಒಸರಿ ನಿಂತ ರಕ್ತವನ್ನು ಅದು ನೆಕ್ಕುತ್ತದೆ. ನೋವಿನಿಂದ ಪ್ರಾಣಿ ಮೈಯೊದರಿದಾಗ ಎದ್ದು, ಅರೆಹೊಟ್ಟೆಯಲ್ಲಿಯೇ ಪಕ್ಕದ ಪ್ರಾಣಿಯ ಮೇಲೆ ಎರಗುತ್ತದೆ. ರೋಗಪ್ರಸಾರದ ಗುಟ್ಟು ಈ ಅರೆಹೊಟ್ಟೆಯಲ್ಲಿದೆ: ಬಾಯಿಗೆ ಅಂಟಿದ ಹಸಿರಕ್ತವು ಒಣಗುವ ಮೊದಲೇ ಇನ್ನೊಂದು ದೇಹದ ಗಾಯವನ್ನು ಸೇರುತ್ತದೆ. ಮೊಟ್ಟೆಗಳನ್ನು ನೀರಿನಂಚಿನ ಜೊಂಡಿನ ಎಲೆಗಳಿಗೆ ಗುಂಪಾಗಿ ಅಂಟಿಸುವ ಈ ನೊಣದ ಮರಿಹುಳುಗಳು ಕೆಸರಿನಲ್ಲಿ ಇತರ ಹುಳುಗಳನ್ನು ಬೇಟೆಯಾಡಿ ಬೆಳೆಯುತ್ತವೆ. ಬೇಸಿಗೆ ಏರಿದಂತೆ ಹಿನ್ನೀರು ಹಿಂಜರಿದು ಮೈಲಿಗಟ್ಟಲೆ ಕೆಸರುನೆಲವನ್ನು ಬಿಟ್ಟುಕೊಡುವ ಬೀಳಗಿಯ ತೀರ, ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಸುತ್ತಿನ ತಗ್ಗು, ಇಂಥ ಸ್ಥಳಗಳೇ ಇವುಗಳಿಗೆ ಯೋಗ್ಯವಾದ ತವರು. ಬಿಳಿಯ ಮೈಯಿಂದ ಪ್ರತಿಫಲಿಸುವ ಬೆಳಕಿನ ಗುಣದಿಂದಾಗಿ ಬಿಳಿ ಕುದುರೆಗಳ ಮೇಲೆ ಈ ನೊಣಗಳು ಕಡಿಮೆ ಎರಗುವುದೆಂದು ಹಂಗೇರಿಯ ವಿಜ್ಞಾನಿಗಳು 2010ರಲ್ಲಿ ತೋರಿಸಿದ್ದಾರೆ. ಇದನ್ನು ಓದಿದಾಗ ನಮ್ಮ ಬಿಳಿಯ ಕಿಲಾರಿ ಎತ್ತುಗಳ ನೆನಪಾಗದೆ ಇರದು. ಅವಕ್ಕೂ ಇದೇ ಲಾಭವುಂಟೇ ಎಂಬುದು ಪರೀಕ್ಷಿಸತಕ್ಕ ವಿಷಯ.

ಕುದುರೆನೊಣವು ಹರಡುವ ರೋಗಗಳಲ್ಲಿ ಮುಖ್ಯವಾದುದು ಸರ್ರಾ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯಾಧಿಕಾರಿಯು 1880ರಲ್ಲಿ ಡೇರಾ ಇಸ್ಮಾಯಿಲ್ ಖಾನದಲ್ಲಿ ರೋಗಪೀಡಿತ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಈಜಾಡುವ ಸೂಕ್ಷ್ಮಜೀವಿಯನ್ನು ಕಂಡನು. ಸಸ್ತನಿಗಳಲ್ಲಿ ರೋಗ ತರುವ ಟ್ರಿಪನೋಸೋಮಗಳೆಂಬ ರಕ್ತದ ಸೂಕ್ಷ್ಮಜೀವಿಗಳಲ್ಲಿ ಮೊದಲು ತಿಳಿದುಬಂದುದು ಇದೇ. ನೊಣದ ಪಾತ್ರವನ್ನು ಲಿಯೊನಾರ್ಡ್ ರೋಜರ್ಸ್ 1901ರಲ್ಲಿ ಪ್ರಯೋಗದಿಂದ ಸ್ಥಾಪಿಸಿದನು. ಆಫ್ರಿಕದ ತ್ಸೆತ್ಸೆ ನೊಣದ ಒಡಲಲ್ಲಿ ಆ ಖಂಡದ ಟ್ರಿಪನೋಸೋಮಗಳು ಬೆಳೆದು ಮಾರ್ಪಡಬೇಕಾದರೆ, ಸರ್ರಾದ ಜೀವಿಗೆ ಅಂಥ ಆವಶ್ಯಕತೆಯಿಲ್ಲ. ನೊಣದ ಬಾಯಿ ಅದಕ್ಕೆ ಕೇವಲ ವಾಹನ. ಕುದುರೆಗಳಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯ ಕೆಳಭಾಗದ ಬಾವು, ಚಿಕಿತ್ಸೆಯಿಲ್ಲದಿದ್ದರೆ ಮರಣ. ಆಕಳು ಎಮ್ಮೆಗಳಲ್ಲಿ ಹಲವು ಸಲ ಹೊರಗೆ ಏನೂ ತೋರದೆ ಹಾಲು ಇಳಿಯುವುದು, ಗಬ್ಬ ಬೀಳುವುದು. ನಾಯಿಗಳಿಗೂ ಇದು ತಗಲುವುದು, ಕಣ್ಣಿನ ಪಾಪೆ ಮಸುಕಾಗುವುದು ಒಂದು ಲಕ್ಷಣ. ಬೇಟೆನಾಯಿಗೆ ಹೆಸರಾದ ಮುಧೋಳದಲ್ಲಿ ಇದನ್ನು ನೆನಪಿಡುವುದು ಅಗತ್ಯ. ಆ ನಾಯಿಗಳ ಕಿವಿಯ ತುದಿಯನ್ನು ಕೊಟ್ಟಿಗೆ ನೊಣ ಕಚ್ಚಿಕಚ್ಚಿ ಹುಣ್ಣಾಗಿಸುವುದೂ, ಚರ್ಮದಂತೆ ಗಟ್ಟಿಯಾದ ಚಪ್ಪಟೆ ದೇಹದ ನಾಯಿನೊಣವು ಕೂದಲ ಸಂದಿನಲ್ಲಿ ಏಡಿಯಂತೆ ಅಡ್ಡಡ್ಡಲಾಗಿ ಸರಿದಾಡುವುದೂ ಸಾಮಾನ್ಯ ದೃಶ್ಯ.

ಇತ್ತೀಚಿನ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ಉಳಿದಿರುವುದು ಚರ್ಮಗಂಟು ರೋಗ. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿದ ಈ ವೈರಸ್ ವ್ಯಾಧಿಯು 2022ರಲ್ಲಿ ಕರ್ನಾಟಕದ ಉತ್ತರದ ಜಿಲ್ಲೆಗಳನ್ನು ವ್ಯಾಪಿಸಿ, ದನದ ಸಂತೆ ಜಾತ್ರೆಗಳನ್ನು ನಿಲ್ಲಿಸುವಂತೆ ಮಾಡಿತು. ಮೈತುಂಬ ಗಂಟು, ಜ್ವರ, ಕಾಲುಬಾವು. ಗಂಟು ಒಡೆದ ಹುಣ್ಣಿಗೆ ಮತ್ತೆ ನೊಣ. ಕೊಟ್ಟಿಗೆ ನೊಣ, ಸೊಳ್ಳೆ, ಉಣ್ಣಿ ಇವು ಇದರ ವಾಹಕಗಳು. ಆಡುಗಳ ಸಿಡುಬಿಗೆಂದು ಸಿದ್ಧಪಡಿಸಿದ ಲಸಿಕೆಯು ಹತ್ತಿರದ ಬಂಧುವಾದ ಈ ವೈರಸ್ಸನ್ನೂ ತಡೆಯುವುದೆಂಬ ಕಾರಣದಿಂದ ಅದನ್ನೇ ದನಗಳಿಗೆ ಹಾಕಲಾಯಿತು.

ಕಚ್ಚುವವುಗಳಲ್ಲಿ ಅತಿ ಸಣ್ಣವು ಕ್ಯುಲಿಕಾಯ್ಡಿಸ್ ಕುಲದ ನೊರಜುಗಳು. ಸೆಗಣಿ ಬೆರೆತ ಕೆಸರಿನಲ್ಲಿ ಹುಟ್ಟಿ, ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಏಳುವ ಇವು ಕುರಿಗಳಿಗೆ ನೀಲಿ ನಾಲಗೆ ರೋಗವನ್ನು ತರುತ್ತವೆ. ಭಾರತದಲ್ಲಿ ಆ ರೋಗ ಮೊದಲು ವರದಿಯಾದುದು 1964ರಲ್ಲಿ, ಪಕ್ಕದ ಮಹಾರಾಷ್ಟ್ರದಲ್ಲಿ. ಮಳೆಗಾಲ ಹಿಂದಾಗುವ ಹೊತ್ತಿಗೆ ಬಾಯಿ ತುಟಿಗಳು ಬಾತು, ಮೂಗು ಸೋರಿ, ಗೊರಸಿನ ಮೇಲಂಚು ಕೆಂಪೇರಿ ಕುಂಟುವ ಕುರಿಯನ್ನು ನೋಡಿದೊಡನೆ ಕುರುಬರು ಹಿಂಡನ್ನು ತಗ್ಗಿನ ಹೊಲದಿಂದ ಎತ್ತಿ ಮಡ್ಡಿಗೆ ಹತ್ತಿಸುವುದು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ಶಾಸ್ತ್ರಕ್ಕೂ ಒಪ್ಪುವ ಕ್ರಮ. ಕುರಿಗಳಿಗೆ ಇನ್ನೊಂದು ವೈರಿ ಮೂಗಿನ ನೊಣ. ಇದು ಕಚ್ಚುವುದಿಲ್ಲ, ಪ್ರೌಢಾವಸ್ಥೆಯಲ್ಲಿ ಅದಕ್ಕೆ ತಿನ್ನುವ ಬಾಯಿಯೂ ಇಲ್ಲ; ಹಾರುತ್ತಲೇ ಕುರಿಯ ಮೂಗಿನ ಹೊಳ್ಳೆಗೆ ಜೀವಂತ ಮರಿಗಳನ್ನು ಚಿಮುಕಿಸುತ್ತದೆ. ಮರಿಗಳು ಮೂಗಿನ ಮೇಲ್ಗೂಡಿನವರೆಗೆ ತೆವಳಿ ಬೆಳೆದು, ಕೊನೆಗೆ ಸೀನಿನೊಡನೆ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶ ಕಟ್ಟುತ್ತವೆ. ಬಿಸಿಲಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ಮೂತಿ ತೂರಿಸಿ ಗುಂಪಾಗಿ ನಿಲ್ಲುವುದು ನೆರಳಿಗಾಗಿ ಮಾತ್ರವಲ್ಲ, ಈ ನೊಣದ ಭಯಕ್ಕೂ ಹೌದು.

ಗಾಯಕ್ಕೆ ಹುಳ ಬೀಳುವುದು ಪಶುಪಾಲಕರೆಲ್ಲರೂ ಕಂಡ ಸಂಕಟ. ಕ್ರೈಸೋಮಿಯ ಬೆಜ್ಜಿಯಾನ ಎಂಬ ನೀಲಹಸಿರು ಹೊಳಪಿನ ನೊಣವು ನೊಗ ತಿಂದ ಹೆಗಲು, ಮುರಿದ ಕೋಡಿನ ಬುಡ, ಈಗತಾನೆ ಹುಟ್ಟಿದ ಕರುವಿನ ಹೊಕ್ಕುಳ, ಕಾಲುಬಾಯಿ ಬೇನೆಯಿಂದ ಬಿರಿದ ಗೊರಸು ಇವುಗಳ ಅಂಚಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒತ್ತಾಗಿ ಇಡುತ್ತದೆ. ಮರಿಗಳು ತಿರುಪಿನಂತೆ ಮಾಂಸವನ್ನು ಕೊರೆದಿಳಿಯುತ್ತವೆ. ಇದು ಸತ್ತ ಮಾಂಸವನ್ನು ಮುಟ್ಟದು, ಜೀವಂತ ದೇಹವೇ ಬೇಕು. ಟರ್ಪೆಂಟೈನ್ ಎಣ್ಣೆಯ ಬತ್ತಿಯಿಟ್ಟು ಹುಳು ಹೊರಬಂದಾಗ ಇಕ್ಕಳದಿಂದ ತೆಗೆಯುವುದು ವೈದ್ಯರ ರೀತಿ. ಸೀತಾಫಲದ ಎಲೆ ಅರೆದು ತುಂಬುವುದು ಹಳ್ಳಿಯ ರೀತಿ. ಇದರ ಅಮೆರಿಕದ ಸೋದರಸಂಬಂಧಿಯನ್ನು, ವಿಕಿರಣದಿಂದ ಬಂಜೆಗೊಳಿಸಿದ ಗಂಡುಗಳನ್ನು ಹೇರಳವಾಗಿ ಬಿಟ್ಟು, 1954ರಲ್ಲಿ ಕುರಸಾವ್ ದ್ವೀಪದಿಂದ ನಿರ್ಮೂಲಗೊಳಿಸಿದುದು ಕೀಟಶಾಸ್ತ್ರದ ಮಹತ್ಸಾಧನೆಗಳಲ್ಲೊಂದು.

ಪೈರಿನ ನೊಣಗಳಲ್ಲಿ ಈ ನಾಡಿನವರಿಗೆ ಹಿರಿಯದು ಜೋಳದ ಸುಳಿ ನೊಣ, ಅಥೆರಿಗೋನ ಸೊಕ್ಕೇಟ. ಮೊಳಕೆಯೊಡೆದ ಒಂದು ವಾರದಿಂದ ನಾಲ್ಕು ವಾರದವರೆಗಿನ ಎಳೆಸಸಿಯ ಎಲೆಯ ತಳಭಾಗದಲ್ಲಿ ಇದು ಬಿಳಿಯ ನೀಳ ಮೊಟ್ಟೆಯನ್ನು ಒಂದೊಂದಾಗಿ ಇಡುತ್ತದೆ. ಒಂದೆರಡು ದಿನಗಳಲ್ಲಿ ಹೊರಬಂದ ಮರಿಯು ಎಲೆಯ ಮೇಲಿನ ಇಬ್ಬನಿಯ ತೇವವನ್ನು ಆಶ್ರಯಿಸಿ ಸುಳಿಗೆ ಜಾರಿ, ಬೆಳೆಯುವ ಮೊನೆಯನ್ನು ಕತ್ತರಿಸಿ, ಕೊಳೆತ ಅಂಗಾಂಶವನ್ನು ಉಣ್ಣುತ್ತದೆ. ಸುತ್ತಲಿನ ಎಲೆಗಳು ಹಸಿರಾಗಿರುವಾಗಲೇ ನಡುವಿನ ಸುಳಿ ಮಾತ್ರ ಬಾಡಿ ಹಳದಿಯಾಗುವುದು. ಎರಡು ಬೆರಳಿನಿಂದ ಹಿಡಿದೆಳೆದರೆ ತಡೆಯಿಲ್ಲದೆ ಕೈಗೆ ಬರುವುದು. ಬುಡ ಕಂದಿ, ಮೂಗಿಗೆ ಹಿಡಿದರೆ ದುರ್ಗಂಧ ಹೊಡೆಯುವುದು. ಸಸಿಯು ಬದಿಯಲ್ಲಿ ಮರಿಗಳನ್ನೊಡೆದು ಬದುಕಲೆಣಿಸಿದರೂ ಆ ಮರಿಗಳನ್ನೂ ನೊಣ ಬಿಡದು.

ಹಿಂಗಾರಿಯಲ್ಲಿ ಬಿತ್ತನೆಯನ್ನು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ಮುಗಿಸಿದವನಿಗೆ ಇದರ ಉಪದ್ರವ ಅಲ್ಪ, ತಡಮಾಡಿದವನಿಗೆ ಅಧಿಕ. ಸೀಮೆಯೆಲ್ಲ ಒಂದೇ ಹದದಲ್ಲಿ ಬಿತ್ತುತ್ತಿದ್ದ ಪದ್ಧತಿಯ ವಿವೇಕವು ಇಲ್ಲಿ ತಿಳಿಯುತ್ತದೆ, ಏಕೆಂದರೆ ಮುಂದೆ ಬಿತ್ತಿದ ಹೊಲದಲ್ಲಿ ಮೂರು ವಾರಗಳಲ್ಲಿ ಬೆಳೆದ ಪೀಳಿಗೆಯೇ ಹಿಂದೆ ಬಿತ್ತಿದ ಹೊಲವನ್ನು ತಿನ್ನುವುದು. ಬೀಜವನ್ನು ತುಸು ಹೆಚ್ಚಾಗಿ ಬಿತ್ತಿ, ಸುಳಿಸತ್ತ ಸಸಿಗಳನ್ನು ಕಿತ್ತು ನಾಶಮಾಡುವುದೂ, ಬೀಜೋಪಚಾರವೂ ಉಳಿದ ಉಪಾಯಗಳು. ಸೊಲ್ಲಾಪುರದ ಸೀಮೆಯಲ್ಲಿ 1930ರ ದಶಕದಲ್ಲಿ ಆಯ್ದ ಮಾಲ್ದಂಡಿ 35-1 ತಳಿಯು ಈ ನೊಣವನ್ನು ತಕ್ಕಮಟ್ಟಿಗೆ ಸಹಿಸುತ್ತದೆ. ಎಳೆಯೆಲೆಯ ಹೊಳಪು ಮತ್ತು ಸೂಕ್ಷ್ಮ ರೋಮಗಳು ಇಂಥ ಸಹನೆಗೆ ಆಧಾರ. 1964ರಲ್ಲಿ ಬಂದ ಸಿ.ಎಸ್.ಎಚ್.-1 ಮುಂತಾದ ಸಂಕರಗಳು ಇಳುವರಿಯಲ್ಲಿ ಮುಂದಾದರೂ ಈ ನೊಣಕ್ಕೆ ಸುಲಭದ ತುತ್ತಾದವು. ಬಿಳಿಜೋಳದ ಹೊಲದಲ್ಲಿ ಮಾಲ್ದಂಡಿಯು ಇಂದಿಗೂ ಸ್ಥಾನವನ್ನು ಬಿಟ್ಟುಕೊಡದಿರುವುದಕ್ಕೆ ರೊಟ್ಟಿಯ ರುಚಿ ಮತ್ತು ಕಣಿಕೆಯ ಗುಣಗಳ ಜೊತೆಗೆ ಇದೂ ಒಂದು ಕಾರಣ.

ಹಣ್ಣಿನ ನೊಣಗಳು ಮಾವು, ಪೇರಲ, ಹೀರೆ, ಹಾಗಲ, ಸವತೆಗಳನ್ನು ಹಾಳುಮಾಡುತ್ತವೆ. ಮಡ್ಡಿಯ ಬಾರಿಹಣ್ಣಿನೊಳಗಿನ ಹುಳವು ಇವುಗಳದೇ ಬಳಗದ್ದು. ಹಣ್ಣಿನ ಸಿಪ್ಪೆಯಡಿ ಚುಚ್ಚಿಟ್ಟ ಮೊಟ್ಟೆಗೆ ಯಾವ ಸಿಂಪರಣೆಯೂ ತಲಪದು. ಬಿದ್ದ ಹಣ್ಣನ್ನು ಆರಿಸಿ ಹೂಳುವುದು, ಗಂಡುಗಳನ್ನು ಬಲೆಗೆ ಸೆಳೆಯುವುದು ಇವೇ ದಾರಿ. ಆ ಸೆಳೆತದ ಮೂಲವನ್ನು ಬಿಹಾರದ ಪೂಸಾದಲ್ಲಿ ಹೌಲೆಟ್ ಎಂಬ ಕೀಟತಜ್ಞನು 1912ರಲ್ಲಿ ಸಿಟ್ರೊನೆಲ್ಲ ಎಣ್ಣೆಗೆ ಮುತ್ತಿದ ಗಂಡುನೊಣಗಳಲ್ಲಿ ಗಮನಿಸಿದನು. ಇಂದಿನ ಮೀಥೈಲ್ ಯೂಜಿನಾಲ್ ಬಲೆಗಳು ಅದರ ಸಂತಾನ. ಅರಿಶಿನದ ಗಡ್ಡೆ ನೊಣ, ತೊಗರಿಯ ಕಾಯಿ ನೊಣ, ಟೊಮೇಟೊ ಎಲೆಯ ಮೇಲೆ ಬಿಳಿಗೆರೆ ಬರೆಯುವ ರಂಗೋಲಿ ಹುಳು ಇವನ್ನು ಹೆಸರಿಸಿದರೆ ಸಾಕು. ಅರಿಶಿನದ ನೊಣದ ಬಗೆಗೆ ಮಾತ್ರ ಒಂದು ಎಚ್ಚರಿಕೆ: ಹುಳು ಕಂಡ ಗಡ್ಡೆ ಅನೇಕ ವೇಳೆ ನೀರು ನಿಂತು ಮೊದಲೇ ಕೊಳೆತಿರುತ್ತದೆ, ಆದುದರಿಂದ ಬಸಿಗಾಲುವೆ ತೋಡುವ ಮೊದಲು ಔಷಧವನ್ನು ಸುರಿಯುವುದು ವ್ಯರ್ಥ.

ನೊಣಗಳೆಲ್ಲವೂ ಶತ್ರುಗಳಲ್ಲ. 2002ರಲ್ಲಿ ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿ ಗದ್ದೆಗಳು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದಾಗ, ಅದನ್ನು ತಿಂದು ಇಳಿಸಿದವುಗಳಲ್ಲಿ ಡೈಫಾ ಎಂಬ ಪತಂಗದ ಹುಳು, ಮೈಕ್ರೋಮಸ್ ಎಂಬ ಜಾಲರೆಕ್ಕೆಯ ಕೀಟಗಳೊಡನೆ ಸಿರ್ಫಿಡ್ ನೊಣದ ಮರಿಗಳೂ ಇದ್ದವು. ಗಾಬರಿಯಿಂದ ಔಷಧ ಹೊಡೆದ ಗದ್ದೆಗಳಲ್ಲಿ ಹೇನಿನೊಡನೆ ಈ ಮಿತ್ರರೂ ಸಾಯುವ ಅಪಾಯವಿತ್ತು.

ವನ್ಯಮೃಗಗಳ ವಿಷಯದಲ್ಲಿ ಹೇಳಬೇಕಾದುದು ಯಡಹಳ್ಳಿಯನ್ನು ಕುರಿತು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಗಡಿಯಲ್ಲಿನ ಕುರುಚಲು ಗುಡ್ಡಗಳನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರು. ಚಿಂಕಾರವು ಮೇಯುತ್ತಿರುವಾಗಲೂ ಬಾಲವನ್ನು ಎಡೆಬಿಡದೆ ಆಡಿಸುತ್ತಿರುವುದು ನೋಡಿದವರಿಗೆ ತಿಳಿದ ಸಂಗತಿ. ಒಣನೆಲದ ಈ ಮೃಗಕ್ಕೆ ತನ್ನ ಗುಡ್ಡದಲ್ಲಿ ಹುಟ್ಟುವ ನೊಣಕ್ಕಿಂತ, ಅಂಚಿಗೆ ಮೇಯಲು ಬರುವ ದನಗಳೊಡನೆ ಬರುವ ನೊಣವೇ ಹೆಚ್ಚು ಅಪಾಯಕರ. ರಾಜಸ್ಥಾನದಲ್ಲಿ 2022ರ ಮಾರಿಯ ಕಾಲದಲ್ಲಿ ಕಾಡಿನ ಚಿಂಕಾರಗಳಿಗೂ ಚರ್ಮಗಂಟು ರೋಗ ತಗುಲಿದುದು ಪ್ರಯೋಗಾಲಯದಲ್ಲಿ ದೃಢಪಟ್ಟಿದೆ. ಕಾಡಿನ ಮೃಗವನ್ನು ಹಿಡಿದು ಚುಚ್ಚುಮದ್ದು ಹಾಕುವುದು ಸಾಧ್ಯವಲ್ಲದುದರಿಂದ, ವನ್ಯಧಾಮದ ಸುತ್ತಲಿನ ಹಳ್ಳಿಗಳ ದನಗಳಿಗೆ ಮಳೆಗಾಲಕ್ಕೆ ಮುಂಚೆ ಲಸಿಕೆ ಮುಗಿಸುವುದೂ, ಗಂಟು ಕಂಡ ದನವನ್ನು ಗುಣವಾಗುವವರೆಗೆ ಗುಡ್ಡಕ್ಕೆ ಬಿಡದೆ ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸುವುದೂ ಇಲ್ಲಿ ಉಳಿಯುವ ಉಪಾಯ.